ಮಸೂದಾ ಅತ್ತೆಯ ಮಣ್ಣು

ಜೆರ್ಬಾ ದ್ವೀಪದಲ್ಲಿ ಊರಿನವರ ಸ್ಮಶಾನ ದಿಬ್ಬದ ಮೇಲಿದೆ. ಕರಿಯರಾದ ನಮ್ಮದು ಕೆಳಗಿನ ತಗ್ಗಿನಲ್ಲಿ. ಅದಕ್ಕೆ ಇವತ್ತಿಗೂ ‘ಗುಲಾಮರ ಸ್ಮಶಾನ’ ಎಂದೇ ಹೆಸರು. ನಮ್ಮ ಹಿರಿಯರನ್ನು ಮರುಭೂಮಿ ದಾಟಿಸಿ ತಂದು ಮಾರಿದ್ದರು. ಮಾರಾಟ ನಿಂತು ಎಷ್ಟೋ ತಲೆಮಾರು ಕಳೆದರೂ, ನಮ್ಮವರನ್ನು ಕೊಂಡು, ಆಮೇಲೆ ಬಿಡುಗಡೆ ಮಾಡಿದ ಮನೆತನಗಳ ಹೆಸರು ನಮ್ಮ ಹೆಸರಿಗೆ ಅಂಟಿಕೊಂಡೇ ಇದೆ.

ಜಡಿಮಳೆಯಲ್ಲಿ ಮಸೂದಾ ಅತ್ತೆ ತೀರಿಕೊಂಡಳು. ಹಾಜಿ ತಾಹರ್‌ನ ತೋಟದಲ್ಲಿ ಆಲಿವ್ ಆರಿಸಿ ಬೆನ್ನು ಬಾಗಿದವಳು. ಹಾಜಿಯ ಹೆಂಡತಿಗೆ ಎದೆಹಾಲು ಬತ್ತಿದಾಗ ಅವರ ಕೂಸು ನಾಸರ್‌ಗೆ ಮೊಲೆಯೂಡಿಸಿದವಳು. ಹಾಲೂಡಿಸಿದವಳು ತಾಯಿಯೇ ಎನ್ನುತ್ತದೆ ನಮ್ಮ ಧರ್ಮ. ಹಾಗಾಗಿ ಅತ್ತೆಯ ಮಗಳು ಝೊಹ್ರಾ ಅವನಿಗೆ ತಂಗಿ.

ತಗ್ಗಿನಲ್ಲಿ ಗುಂಡಿ ತೋಡಿದೆವು. ಎತ್ತಿ ಚೆಲ್ಲಿದಷ್ಟೂ ನೀರು ತುಂಬಿತು.

“ಅವ್ವನ್ನ ಈ ನೀರಲ್ಲಿ ಮುಳುಗಿಸ್ತೀರಾ?” ಎಂದಳು ಝೊಹ್ರಾ. “ದಿಬ್ಬಕ್ಕೆ ನಡೀರಿ.”

ಮಣ್ಣಿಗೆ ಹೆಂಗಸರು ಬರುವ ರೂಢಿಯಿಲ್ಲ. ಆದರೂ ಹೆಣ ಹೊತ್ತ ನಮ್ಮ ಹಿಂದೆಯೇ ಅವಳು ಬಂದಳು. ದಿಬ್ಬದ ಸ್ಮಶಾನದ ಬಾಗಿಲಲ್ಲಿ ಹಾಜಿ, ನಾಸರ್, ಇನ್ನೂ ಕೆಲವರು ಅಡ್ಡ ನಿಂತಿದ್ದರು.

“ದಾರಿ ತಪ್ಪಿದ್ರೇನ್ರೋ?” ಎಂದ ಹಾಜಿ.

“ಕೆಳಗೆ ನೀರು ನಿಂತಿದೆ ಒಡೆಯ,” ಎಂದೆ ನಾನು.

“ಮಸೂದಾ ನಮ್ಮನೆಯವಳೇ ಕಣೋ. ನಂಗೇನು ದುಃಖ ಇಲ್ವಾ? ಕಫನ್ ಬಟ್ಟೆ ನಾನೇ ಕೊಡಿಸ್ಲಿಲ್ವಾ? ಆದ್ರೆ ಇಲ್ಲಿ ನಮ್ಮಪ್ಪ ಮಲಗಿದಾರೆ.”

“ಅವ್ವನಿಗೆ ಆ ಮೂಲೆ ಸಾಕು,” ಎನ್ನುತ್ತ ಝೊಹ್ರಾ ನಾಸರ್ ಕಡೆ ತಿರುಗಿದಳು. “ಅಣ್ಣಾ, ನೀನೇ ಹೇಳು. ನಮ್ಮವ್ವನ್ನ ಎಲ್ಲಿ ಮಲಗಿಸ್ಲಿ?”

“ಅಣ್ಣ ಅಂತೆ! ಕನ್ನಡೀಲಿ ಮುಖ ನೋಡ್ಕೊಂಡಿದಾಳಾ ಇವ್ಳು?” ಯಾರೋ ನಕ್ಕರು.

ನಾಸರ್ ಹೆಣದ ಕಡೆ ನೋಡಿದ. ಅಪ್ಪನ ಕಡೆ ನೋಡಿದ. “ಕೆಳಗೇ ಒಯ್ಯಿರಿ,” ಎಂದ. “ಗಲಾಟೆ ಬೇಡ.”

ಗುಂಡಿಗೆ ಕಲ್ಲು ಹಾಸಿ ಅತ್ತೆಯನ್ನು ಮಲಗಿಸಿದೆವು. ಮಣ್ಣು ಮುಚ್ಚುವ ಮೊದಲೇ ಬಟ್ಟೆ ನೆನೆದು ಅವಳ ಮೈಗಂಟಿತು.

ಸಂಜೆ ನಾಸರ್ ಕುಸ್ಕುಸ್ ಬೋಗುಣಿ ಹಿಡಿದು ಝೊಹ್ರಾಳ ಮನೆಯ ಹಿತ್ತಿಲ ಬಾಗಿಲಿಗೆ ಬಂದ. “ಕ್ಷಮಿಸು ತಂಗಿ. ಏನಾದ್ರೂ ತಿನ್ನು.”

ಝೊಹ್ರಾ ಬೋಗುಣಿ ಮುಟ್ಟಲಿಲ್ಲ. “ಯಾರೂ ಇಲ್ದಾಗ ತಂಗಿ ಅಂತೀಯ. ನಾಳೆ ಶುಕ್ರವಾರ. ಮಸೀದಿ ಮುಂದೆ, ನಿಮ್ಮಪ್ಪ ಕೇಳೋ ಹಾಗೆ ಅನ್ನು. ಆಮೇಲೆ ಇಬ್ರೂ ಕೂತು ಉಣ್ಣೋಣ.”

ಅವನು ಆಗಲಿ ಎಂಬಂತೆ ತಲೆಯಾಡಿಸಿ ಹೋದ.

ಮರುದಿನ ನಮ್ಮ ಕೇರಿಯ ಗಂಡಸರು, ಹೆಂಗಸರು ಎಲ್ಲ ಮಸೀದಿ ಎದುರು ಕಾದು ನಿಂತೆವು. ನಮಾಜು ಮುಗಿಯಿತು. ನಾಸರ್ ಅಪ್ಪನ ಜೊತೆ ಹೊರಬಂದ. ನಮ್ಮನ್ನು ಕಂಡವನೇ ನೆಲ ನೋಡುತ್ತ ಹೊರಟ.

“ಅಣ್ಣಾ!” ಎಂದಳು ಝೊಹ್ರಾ.

ಅವನು ತಿರುಗಲಿಲ್ಲ. ಅವಳು ಮತ್ತೆ ಕೂಗಿದಳು. ಆಗ ಪಕ್ಕದಲ್ಲಿದ್ದ ಮುದುಕಿ ಕೂಗಿದಳು, “ಅಣ್ಣಾ!” ಹಿಂದೆಯೇ ಇನ್ನೊಬ್ಬಳು. ನಾನೂ ಕೂಗಿದೆ. ಕೇರಿಗೆ ಕೇರಿಯೇ ಕೂಗಿತು. ಊರಿನವರು ಬಾಗಿಲು ತೆರೆದು ನೋಡಿದರು.

ನಾಸರ್ ಓಡತೊಡಗಿದ.