ಆಟಿ ಹದಿನೆಂಟರ ಮರುದಿನ

ಬೆಳಗಿನ ಕಾಫಿ ಮುಗಿದು ಎಷ್ಟೋ ಹೊತ್ತಾಗಿತ್ತು. ಕೆಳಮನೆಯ ಬಾಗಿಲು ಇನ್ನೂ ತೆರೆದಿರಲಿಲ್ಲ.

“ನನ್ನ ಪಾಯ್ಸ ಸೇರ್ತಿಲ್ಲೆನೋ ಏನೋ,” ಎಂದರು ಅತ್ತೆ ದಮಯಂತಿ. “ಪಾತ್ರೆ ಕೊಡಿಕೂ ಬಂದಿಲ್ಲೆ. ನೋಡಿಕಂಡ್ ಬಾ ಕವನಾ.”

ಕೆಳಗಿದ್ದದ್ದು ನಾದಿರ್ ಮತ್ತು ಅವನ ಹೆಂಡತಿ ಜರ್ಮಿನಾ. ನಾದಿರ್ ಮೈಸೂರಿನಲ್ಲಿ ನನ್ನ ಜೊತೆ ಓದಿದವನು; ಕೊನೆಯ ರಜೆಯಲ್ಲಿ ಊರಿಗೆ ಹೋಗಿ ಮದುವೆಯಾಗಿ ಬಂದಿದ್ದ. ಓದು ಮುಗಿಯುವಷ್ಟರಲ್ಲಿ ಕಾಬೂಲಿಗೆ ಮರಳುವ ದಾರಿ ಮುಚ್ಚಿತ್ತು. ಅಲ್ಲೇ ಉಳಿದಿದ್ದ ಜರ್ಮಿನಾ ಹೇಗೋ ದೆಹಲಿ ತಲುಪಿದಳು. ಮೊದಲ ಬಸಿರು ದಾರಿಯಲ್ಲೇ ಇಳಿದುಹೋಯಿತು. ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಮನೆ ಮಾಲೀಕರು ಅವರ ದೇಶದ ಹೆಸರು ಕೇಳಿದೊಡನೆ ಬೇರೆ ಯಾರಿಗೋ ಮಾತು ಕೊಟ್ಟಿದ್ದೇವೆ ಎನ್ನುತ್ತಿದ್ದರು. ನನ್ನ ಗಂಡ ಪ್ರಜ್ಞೇಶ್ ಹೋದ ಮೇಲೆ ಮಡಿಕೇರಿಯ ನಮ್ಮ ಕೆಳಮನೆಗೆ ಬೀಗ ಬಿದ್ದಿತ್ತು. ಬನ್ನಿ ಎಂದೆ. ಈಗ ಜರ್ಮಿನಾಗೆ ಐದು ತಿಂಗಳು.

ಹಿಂದಿನ ದಿನ ಆಟಿ ಹದಿನೆಂಟು, ಮಳೆಗಾಲದ ಆಟಿ ತಿಂಗಳ ಹದಿನೆಂಟನೇ ದಿನ. ಅಂದು ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆ ಎಂದು ನಮ್ಮವರ ನಂಬಿಕೆ. ಅತ್ತೆ ಅದರ ರಸ ತೆಗೆದು ಕಡುನೇರಳೆ ಪಾಯಸ ಮಾಡಿ, ಮೊದಲ ಬಟ್ಟಲು ಕೆಳಗೆ ಕಳಿಸಿದ್ದರು. “ಬಸುರಿಗೆ ಒಳ್ಳೇದ್. ಪ್ರಜ್ಞೇಶ್ ಹೊಟ್ಟೇಲಿರ್ಕನ ನಾನೂ ತಿಂದೊಳೆ.” ಗಂಡ ಹೆಂಡತಿ ಇಬ್ಬರೂ ತಿಂದರು. ಮುಂಜಾನೆಯ ಬಸ್ಸಿಗೆ ನಾದಿರ್ ಮೈಸೂರಿಗೆ ಹೋಗಿದ್ದ.

ಬಹಳ ಹೊತ್ತು ತಟ್ಟಿದ ಮೇಲೆ ಜರ್ಮಿನಾ ಬಾಗಿಲು ತೆರೆದಳು. ಕಣ್ಣು ಊದಿತ್ತು.

“ಹೋಯಿತು,” ಎಂದಳು ಹಿಂದಿಯಲ್ಲಿ. “ಇದೂ ಹೋಯಿತು. ಬಾತ್‌ರೂಮಿಗೆ ಹೋದಾಗಲೆಲ್ಲ ರಕ್ತ.”

“ನೋವು?”

“ಇಲ್ಲ. ಹೋದ ಸಲವೂ ಮೊದಮೊದಲು ನೋವಿರಲಿಲ್ಲ.”

“ಯಾಕೆ ಕರೆಯಲಿಲ್ಲ?”

“ನಿಮ್ಮ ಮನೆಯಲ್ಲಿ ಈಗಾಗಲೇ ಒಂದು ಸಾವಾಗಿದೆ.”

ನಾನು ಆಟೋಗೆ ಫೋನ್ ಮಾಡಲು ಹೊರಟೆ. ಹಿಂದೆಯೇ ಇಳಿದು ಬಂದ ಅತ್ತೆ, “ಎಂತಾತ್?” ಎಂದರು. ಹೇಳಿದೆ. ಅವರು ಬಾಯಿಗೆ ಸೆರಗು ಒತ್ತಿಕೊಂಡರು.

“ಅಯ್ಯೋ ಶಿವನೇ! ಅದ್ ಸೊಪ್ಪುನ ಬಣ್ಣ. ಹೇಳಿಕೆ ಮರ್ತತ್. ನೀ ಬೆಳಿಗ್ಗೆ ನಿಂದ್ ನೋಡಿಲ್ಲೆನಾ?”

ನಾನೂ ತಿಂದಿದ್ದೆ. ನೋಡಿರಲಿಲ್ಲ. ಈ ವರ್ಷ ಯಾವುದನ್ನೂ ಸರಿಯಾಗಿ ನೋಡಿಲ್ಲ.

ಮದ್ದುಸೊಪ್ಪು ತಿಂದವರ ಮೂತ್ರ ಮರುದಿನ ಕೆಂಪಾಗುತ್ತದೆ ಎಂದು ಜರ್ಮಿನಾಗೆ ಬಿಡಿಸಿ ಹೇಳಿದೆ. ಅವಳು ತಲೆಯಾಡಿಸಿದಳು. “ಸಮಾಧಾನಕ್ಕೆ ಹೇಳುತ್ತಿದ್ದೀಯ.”

ಅತ್ತೆ ತಮ್ಮ ಒಳಲಂಗವನ್ನೂ ಸೀರೆಯ ಮರೆಯಲ್ಲಿ ಒಣಹಾಕುವವರು. ಅಂಥವರು ಅವಳ ಕೈ ಹಿಡಿದು ದರದರನೆ ಬಚ್ಚಲಿನ ತನಕ ಎಳೆದೊಯ್ದರು. “ಬಾ ಮಗಳೇ, ತೋರ್ಸ್ನೆ.” ಒಳಹೋಗಿ ಬಾಗಿಲು ಓರೆ ಮಾಡಿಕೊಂಡರು. ತುಸು ಹೊತ್ತಿಗೆ ಒಳಗಿಂದ ಕೂಗು: “ಇಗಾ, ನೋಡ್!”

ಜರ್ಮಿನಾ ಇಣುಕಿ ನೋಡಿ ಗೋಡೆ ಹಿಡಿದುಕೊಂಡಳು.

“ಈಗ ನಿಂದ್,” ಎಂದು ಅತ್ತೆ ನನ್ನನ್ನು ಒಳಗೆ ತಳ್ಳಿದರು. “ಎರಡ್ ಸಾಕ್ಷಿ ಇರ್ಲಿ.”

ನನ್ನದೂ ಕೆಂಪೇ. ಅದನ್ನು ನೋಡಿದ ಮೇಲೆ ಜರ್ಮಿನಾ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕುಳಿತು ಅತ್ತಳು, ಅಳುತ್ತಲೇ ನಕ್ಕಳು.

“ಇವತ್ತ್ ಇಡೀ ಮಡಿಕೇರಿ ಕೆಂಪು,” ಎಂದರು ಅತ್ತೆ. “ಪೊಲೀಸ್‌ನವ್ರ್ದೂ!”

“ಮೊದಲೇ ಹೇಳಬೇಕಲ್ಲವಾ, ಅಮ್ಮಾ?” ಜರ್ಮಿನಾಗೆ ಈಗ ಸಿಟ್ಟು. ನಾನು ಅದನ್ನು ಅತ್ತೆಗೆ ಹೇಳಿದೆ.

“ಹೇಳಿ ಅಭ್ಯಾಸ ಇಲ್ಲೆ ಮಗಳೇ. ಇಲ್ಲಿ ಎಲ್ಲವ್ಕೂ ಗೊತ್ತುಟ್ಟು.”

ಆದರೂ ಡಾಕ್ಟರ ಬಳಿ ಹೋದೆವು. ಅವರು ನಕ್ಕು, ಯಂತ್ರ ಇಟ್ಟು ಮಗುವಿನ ಎದೆಬಡಿತ ಕೇಳಿಸಿದರು. ಓಡುವ ಕುದುರೆಯ ಹಾಗಿತ್ತು. ನನಗೆ ಎಷ್ಟೋ ದಿನಗಳ ಮೇಲೆ ಹಸಿವಾಯಿತು.

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ನಾದಿರ್ ಫೋನ್ ಮಾಡಿದ. ಸ್ಪೀಕರಿನಲ್ಲಿ ಅವನ ದನಿ ಕೇಳಿಸಿತು: ಗಾಬರಿಯಾಗಬೇಡ, ನನ್ನ ಕಿಡ್ನಿಗೆ ಏನೋ ಆಗಿದೆ, ಆಸ್ಪತ್ರೆ ಹುಡುಕುತ್ತಿದ್ದೇನೆ.

ನಾನು ಬಾಯಿ ತೆರೆಯುವಷ್ಟರಲ್ಲಿ ಜರ್ಮಿನಾ ಕೈ ಅಡ್ಡ ಹಿಡಿದಳು.

“ಕೆಂಪಾ?” ಎಂದಳು ಗಂಭೀರವಾಗಿ. “ಹೆದರಬೇಡಿ. ನಮ್ಮ ಕಡೆ ಇವತ್ತು ಎಲ್ಲರಿಗೂ ಹಾಗೇ.”