ಹೊಕ್ಕುಳಿನ ಮೇಲಿನ ಅಳತೆ

ಬಸ್ಸು ಓಡಿಸುವವನ ಪ್ಯಾಂಟು ಹೊಟ್ಟೆಯ ಮೇಲೆ ನಿಲ್ಲುವುದಿಲ್ಲ, ಹೊಟ್ಟೆಯ ಕೆಳಗೆ ನಿಲ್ಲುತ್ತದೆ. ಇಪ್ಪತ್ತೆರಡು ವರ್ಷ ಡಿಪೋದ ಸಮವಸ್ತ್ರ ಹೊಲಿದ ದರ್ಜಿ ಅಕ್ಕನಿಗೆ ಇದು ಅಂಗೈ ಗೆರೆಯಷ್ಟು ಗೊತ್ತಿದ್ದ ವಿಷಯ. ದಿನವಿಡೀ ಸೀಟಿನಲ್ಲಿ ಕೂತವನ ಹೊಟ್ಟೆ ಮುಂದೆ ಬಂದು ಸ್ಟೇರಿಂಗಿಗೆ ತಾಗುತ್ತದೆ. ಪ್ಯಾಂಟಿನ ಪಟ್ಟಿ ಮಾತ್ರ ಮೆಲ್ಲಗೆ ಜಾರಿ, ಹೊಟ್ಟೆಯ ತಳದಲ್ಲಿ ತನ್ನ ಹಳೆಯ ಜಾಗ ಹುಡುಕಿಕೊಳ್ಳುತ್ತದೆ. ಹಾಗಾಗಿ ಕೆಲಸಕ್ಕೆ ಸೇರಿದ ವರ್ಷ ಮೂವತ್ತನಾಲ್ಕು ಇಂಚು ಬರೆಸಿದವನು ನಿವೃತ್ತಿಯ ವರ್ಷವೂ ಮೂವತ್ತನಾಲ್ಕೇ. ಅವಳ ಉದ್ದನೆಯ ರಿಜಿಸ್ಟರಿನಲ್ಲಿ ನಾನೂರು ಗಂಡಸರಿಗೆ ವಯಸ್ಸೇ ಆಗಿರಲಿಲ್ಲ.

ಆ ನಾನೂರರಲ್ಲಿ ಒಬ್ಬ ಅವಳ ಒಡಹುಟ್ಟಿದ ತಮ್ಮ. ಡಿಪೋದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಡಬಲ್ ಎಂದು. ಬಿಟ್ಟುಹೋದ ಡ್ರೈವರುಗಳ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳುವ ಬದಲು, ಕಂಪನಿಯು ಇದ್ದವರನ್ನೇ ಎರಡು ಸಲ ಎಣಿಸುವುದನ್ನು ಕಲಿತಿತ್ತು. ಒಂದು ಡ್ಯೂಟಿ ಮುಗಿಸಿ, ನಿಂತಲ್ಲೇ ಸಕ್ಕರೆ ತುಂಬಿದ ಚಹಾ, ಎಣ್ಣೆ ಸುರಿಯುವ ಯಾವುದೋ ಕರಿದ ತಿಂಡಿ ಗಂಟಲಿಗಿಳಿಸಿ, ಇನ್ನೊಂದು ಡ್ಯೂಟಿಗೆ ಹತ್ತುವುದು. ಇಲ್ಲ ಎನ್ನಲು ಬಾರದವನು ಡಬಲ್ ಆದ. ಅಳತೆಗೆ ನಿಂತಾಗಲೆಲ್ಲ ಹೊಟ್ಟೆಯನ್ನು ಒಳಗೆಳೆದುಕೊಂಡು, "ನೋಡಕ್ಕಾ, ಮದುವೆ ಗಂಡಿನ ಹಾಗಿದೀನಿ" ಅನ್ನುತ್ತಿದ್ದ. "ಉಸಿರು ಬಿಡೋ, ಗುಂಡಿ ಹಾರಿ ನನ್ನ ಕಣ್ಣಿಗೆ ಬಿದ್ದೀತು" ಅನ್ನುತ್ತಿದ್ದಳು ಅವಳು.

ಮಳೆಗಾಲಕ್ಕೆ ಮುಂಚೆ ಒಂದು ದಿನ ಕಂಪನಿಯಿಂದ ಆರೋಗ್ಯ ತಪಾಸಣೆ ನಡೆಯಿತು. ಕ್ಯಾಂಟೀನಿನ ಗೋಡೆಗೆ ಒಂದು ಚಿತ್ರ ಅಂಟಿಸಿ, ಮೇಜಿನ ಹಿಂದೆ ನರ್ಸ್ ಕೂತಳು. ರಕ್ತ ತೆಗೆದಳು, ಬಿಪಿ ನೋಡಿದಳು. ಚೀಲದಿಂದ ಟೇಪು ತೆಗೆದು ಮೊದಲನೆಯವನಿಗೆ ಶರ್ಟು ಎತ್ತಲು ಹೇಳುವಷ್ಟರಲ್ಲಿ ಡಿಪೋ ಮ್ಯಾನೇಜರು ಅಡ್ಡ ಬಂದ.

"ಒಬ್ಬೊಬ್ಬನ ಹೊಟ್ಟೆ ಅಳೀತಾ ಕೂತರೆ ಬಸ್ಸು ಹೊರಡೋದು ಯಾವಾಗಮ್ಮಾ? ನಮ್ಮ ದರ್ಜಿ ಹತ್ರ ಎಲ್ಲರ ಸೊಂಟವೂ ರೆಡಿ ಇದೆ. ಓದ್ತಾಳೆ, ಬರ್ಕೊಳಿ."

ಆಫೀಸಿನವರು ತನ್ನ ಪುಸ್ತಕ ಕೇಳಿದ್ದು ಅದೇ ಮೊದಲು. ಅವಳು ಕೈ ತೊಳೆದುಕೊಂಡು, ಕನ್ನಡಕ ಏರಿಸಿಕೊಂಡು ಓದಿದಳು. ತಮ್ಮನ ಸಾಲು ಬಂದಾಗ ಇನ್ನೂ ಸ್ವಲ್ಪ ಜೋರಾಗಿ, "ಮೂವತ್ತನಾಲ್ಕು" ಎಂದಳು.

ನರ್ಸ್ ತಲೆಯೆತ್ತಿ ಅವನನ್ನು ನೋಡಿದಳು. "ಇಷ್ಟೇನಾ?"

"ಬರೀರಿ, ಬರೀರಿ" ಎಂದ ಮ್ಯಾನೇಜರು.

ಸಂಜೆಯ ಹೊತ್ತಿಗೆ ನಾನೂರು ಜನರಲ್ಲಿ ಆಸ್ಪತ್ರೆಗೆ ಹೋಗಬೇಕಾದವರು ಐದೇ ಜನ. ಉಳಿದವರೆಲ್ಲ ಫಿಟ್. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ಡ್ರೈವರುಗಳು ಬೆನ್ನು ತಟ್ಟಿಕೊಂಡು ನಕ್ಕರು.

ಎರಡು ತಿಂಗಳ ಮೇಲೆ ತಮ್ಮ ಶರ್ಟಿನ ಗುಂಡಿ ಹೊಲಿಸಿಕೊಳ್ಳಲು ಬಂದ. ಅವಳ ಕೋಣೆಗೆ ಎಂಟೇ ಮೆಟ್ಟಿಲು. ಹತ್ತಿ ಬಂದವನು ಮಾತಾಡದೆ ಬಟ್ಟೆಯ ಗಂಟಿನ ಮೇಲೆ ಕೂತುಬಿಟ್ಟ. ಹಣೆಯಲ್ಲಿ ತಣ್ಣನೆಯ ಬೆವರು.

"ಏನಾಯ್ತೋ?"

"ಏನಿಲ್ಲ. ದವಡೆ ನೋಯುತ್ತೆ ಆವಾಗಾವಾಗ. ಹಲ್ಲು ಕೀಳಿಸ್ಬೇಕೇನೋ."

ಶರ್ಟು ಬಿಗಿಯಾಗಿದೆ, ಹೊಸದು ಕತ್ತರಿಸೋಣವೆಂದು ಅವಳು ಟೇಪು ಸುತ್ತಿದಳು. ಪ್ಯಾಂಟಿನ ಅಳತೆ ಬೇರೆ, ಶರ್ಟಿನ ಅಳತೆ ಬೇರೆ. ಶರ್ಟಿಗೆ ಟೇಪು ಹೊಕ್ಕುಳಿನ ಮೇಲೆ ಹಾಯುತ್ತದೆ. ಅವತ್ತು ಅವನು ಹೊಟ್ಟೆ ಒಳಗೆಳೆಯಲಿಲ್ಲ, ಎಳೆಯುವ ಶಕ್ತಿ ಇರಲಿಲ್ಲ. ನಲವತ್ತೆರಡು.

ಕ್ಯಾಂಟೀನಿನ ಚಿತ್ರ ಅವಳ ಕಣ್ಣ ಮುಂದೆ ಬಂತು. ಅದರಲ್ಲಿದ್ದ ಗಂಡಸಿನ ಸುತ್ತ ಟೇಪು ಹಾದಿದ್ದು ಬೆಲ್ಟಿನ ಮೇಲಲ್ಲ, ಹೊಕ್ಕುಳಿನ ಮೇಲೆ. 

ಮರುದಿನವೇ ನರ್ಸನ್ನು ಹುಡುಕಿಕೊಂಡು ಹೋದಳು. ನರ್ಸ್ ಹಳೆಯ ಹಾಳೆ ತೆಗೆದು ನೋಡಿದಳು. ಬಿಪಿ ಹೆಚ್ಚು, ಒಂದು. ಶುಗರ್ ಹೆಚ್ಚು, ಎರಡು. ರಕ್ತದ ಕೊಬ್ಬು ಗಡಿಯೊಳಗೇ ಇತ್ತು.

"ಬಿಪಿ, ಶುಗರ್, ಸೊಂಟ, ಎರಡು ಥರದ ಕೊಬ್ಬು, ಈ ಐದರಲ್ಲಿ ಮೂರು ಸೇರಿದರೆ ಹೃದಯದ ಪರೀಕ್ಷೆಗೆ ಕಳಿಸ್ತಿದ್ವಿ ಅಮ್ಮಾ. ಮೂರು ಒಟ್ಟಾದರೆ ಹೃದಯದ ರಕ್ತನಾಳ ಒಳಗೊಳಗೇ ಕಟ್ಕೊಳೋ ಅಪಾಯ ಜಾಸ್ತಿ, ಹೊರಗೆ ಗೊತ್ತೇ ಆಗಲ್ಲ. ಗಂಡಸರಿಗೆ ಸೊಂಟ ಮೂವತ್ತೈದೂವರೆ ದಾಟಬಾರದು. ನಿಮ್ಮ ತಮ್ಮಂದು ಮೂವತ್ತನಾಲ್ಕು ಅಂತ..." ಎಂದವಳು ಆಸ್ಪತ್ರೆಗೆ ಒಂದು ಚೀಟಿ ಬರೆದುಕೊಟ್ಟಳು. "ದವಡೆ ನೋವು ಅಂದ್ರಲ್ಲ, ಅದೂ ಹೃದಯದ್ದೇ ಇರಬಹುದು, ಇವತ್ತೇ ಕರ್ಕೊಂಡು ಬನ್ನಿ. ತಡ ಮಾಡ್ಬೇಡಿ."

ಅಕ್ಕ ಚೀಟಿ ಹಿಡಿದು ನೇರ ಮ್ಯಾನೇಜರ ಮುಂದೆ ನಿಂತಳು.

"ಹಾಳೆಯಲ್ಲಿ ಫಿಟ್ ಅಂತಿದೆ" ಎಂದ ಅವನು. "ಫಿಟ್ ಆದವನಿಗೆ ಕಾಯಿಲೆ ರಜೆ ಯಾಕೆ?"

"ಅಳತೆ ತಪ್ಪು ಸಾರ್. ಅದು ಪ್ಯಾಂಟಿನ ಅಳತೆ. ಹೊಟ್ಟೇದಲ್ಲ."

"ಓದಿದ್ದು ಯಾರು?"

ಅವಳು ಚೀಟಿಯನ್ನು ಮೇಜಿನ ಮೇಲಿಟ್ಟು ಅವನ ಕಡೆ ತಳ್ಳಿದಳು.

"ಒಬ್ಬನದು ತಪ್ಪು ಅಂದ್ರೆ ನಾನೂರೂ ತಪ್ಪು ಅಂತಾಯ್ತು. ಎಲ್ಲರನ್ನೂ ಆಸ್ಪತ್ರೆಗೆ ಕಳಿಸಿ ಬಸ್ಸು ನೀನು ಓಡಿಸ್ತೀಯಾ? ಹೊಲಿಗೆ ನೋಡ್ಕೋ ಹೋಗು."

ಹೊರಗೆ ತಮ್ಮ ಬಸ್ಸಿನಲ್ಲಿ ಕೂತಿದ್ದ. ಮೊದಲ ಡ್ಯೂಟಿ ಮುಗಿದಿತ್ತು, ಎರಡನೆಯದಕ್ಕೆ ಬೋರ್ಡು ಬದಲಾಗಿತ್ತು.

"ಇಳಿಯೋ" ಎಂದಳು.

"ಇಳಿದರೆ ನಾಳೆ ಗೇಟಿನೊಳಗೆ ಬಿಡಲ್ಲ ಅಕ್ಕಾ. ಒಂದೇ ಟ್ರಿಪ್ಪು. ಬಂದ ತಕ್ಷಣ ಹೋಗೋಣ, ಆ ನರ್ಸಮ್ಮನ ಮುಂದೆ ಹೊಟ್ಟೆ ಒಳಗೆಳೆಯಲ್ಲ, ಆಯ್ತಾ?"

ಬಾಗಿಲಿನ ಕಂಬಿ ಹಿಡಿದಿದ್ದ ಅವಳ ಕೈಯನ್ನು ಅವನೇ ಮೆಲ್ಲಗೆ ಬಿಡಿಸಿದ. ಎಳೆದು ಇಳಿಸಬಹುದಿತ್ತು. ಚಿಕ್ಕಂದಿನಲ್ಲಿ ಎಷ್ಟು ಸಲ ಕಿವಿ ಹಿಡಿದು ಎಳೆದಿದ್ದಳು. ಅವತ್ತು ಎಳೆಯಲಿಲ್ಲ.

ಅರ್ಧ ದಾರಿಯಲ್ಲಿ ಅವನು ಬಸ್ಸನ್ನು ರಸ್ತೆಯ ಪಕ್ಕಕ್ಕೆ ತಂದ. ಹ್ಯಾಂಡ್ ಬ್ರೇಕ್ ಎಳೆದ. ಎರಡೂ ಬಾಗಿಲು ತೆರೆದ. ಆಮೇಲೆ ಸ್ಟೇರಿಂಗಿನ ಮೇಲೆ ತಲೆಯಿಟ್ಟ. ಬಸ್ಸು ಕೆಟ್ಟಿತೆಂದುಕೊಂಡು ಪ್ರಯಾಣಿಕರು ಸ್ವಲ್ಪ ಹೊತ್ತು ಅವನನ್ನು ಬೈದರು. ಯಾರಿಗೂ ಒಂದು ಗೀರು ಗಾಯವೂ ಆಗಲಿಲ್ಲ.

ಹನ್ನೊಂದು ದಿನಗಳ ಮೇಲೆ ಮ್ಯಾನೇಜರು ಎಂಟು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಅವಳ ಕೋಣೆಗೆ ಬಂದ. ಕೈಯಲ್ಲಿ ಒಂದು ಕಾಗದ.

"ನಿನ್ನ ತಮ್ಮನ ಸಾವಿನ ವಿಚಾರಣೆ ಇದೆ. ಆತ ಆರೋಗ್ಯವಾಗಿದ್ದ, ಕೆಲಸದಿಂದ ಏನೂ ಆಗಿದ್ದಲ್ಲ ಅಂತ ತೋರಿಸ್ಬೇಕು. ಸೊಂಟ ಮೂವತ್ತನಾಲ್ಕು ಅಂತ ನಿನ್ನ ಕೈಬರಹದಲ್ಲೇ ಇದೆ. ಇಲ್ಲೊಂದು ಸಹಿ ಹಾಕಿ ರಿಜಿಸ್ಟರು ಕೊಡು."

ಬದುಕಿದ್ದಾಗ ರಜೆ ಕೊಡಿಸದ ಅಂಕಿ ಸತ್ತ ಮೇಲೂ ಅವನ ವಿರುದ್ಧವೇ ಸಾಕ್ಷಿ ನುಡಿಯಬೇಕಿತ್ತು. ಅದನ್ನು ಓದಿದ ಬಾಯಿ ತನ್ನದೇ. ಅವಳು ರಿಜಿಸ್ಟರನ್ನು ಎದೆಗೆ ಒತ್ತಿಕೊಂಡು ಎದ್ದಳು. ಮ್ಯಾನೇಜರನ್ನು ದಾಟಿ ಮೆಟ್ಟಿಲಿಳಿದು, ಡ್ಯೂಟಿ ಬದಲಾಗುವ ಹೊತ್ತಿಗೆ ಗೇಟಿನ ಬಳಿ ಸೇರಿದ್ದ ಡ್ರೈವರುಗಳ ನಡುವೆ ಹೋದಳು. ಅಲ್ಲಿದ್ದ ಸ್ಟೂಲಿನ ಮೇಲೆ ಪುಸ್ತಕ ಬಿಚ್ಚಿಟ್ಟಳು. ತಮ್ಮನ ಸಾಲಿನಲ್ಲಿ, ಮೂವತ್ತನಾಲ್ಕನ್ನು ಅಳಿಸದೆ, ಪಕ್ಕದಲ್ಲಿ ಕೆಂಪು ಪೆನ್ನಿನಿಂದ ಬರೆದಳು: ಹೊಕ್ಕುಳಿನ ಮೇಲೆ ನಲವತ್ತೆರಡು.

"ಶರ್ಟು ಎತ್ತು" ಎಂದಳು ಎದುರಿಗೆ ಸಿಕ್ಕವನಿಗೆ.

ಅವನು ಹಿಂದೆ ಸರಿದ. "ಬೇಡಕ್ಕಾ. ಜಾಸ್ತಿ ಬಂದರೆ ಡ್ಯೂಟಿ ಹೋಗುತ್ತೆ."

"ನನ್ನ ತಮ್ಮಂದು ಹೋಗಲಿಲ್ಲ ನೋಡು. ಕೊನೇವರೆಗೂ ಇತ್ತು."

ಕೆಲವರು ತಲೆ ತಗ್ಗಿಸಿ ತಮ್ಮ ತಮ್ಮ ಬಸ್ಸಿನ ಕಡೆ ನಡೆದರು. ಎದುರಿಗಿದ್ದವನು ನಿಂತೇ ಇದ್ದ. ಮೆಟ್ಟಿಲ ಮೇಲಿನಿಂದ ಮ್ಯಾನೇಜರು ಕೂಗುತ್ತಿದ್ದ. ಕೊನೆಗೆ ಆ ಡ್ರೈವರು ಗುಂಡಿ ಬಿಚ್ಚಿ ಶರ್ಟು ಎತ್ತಿದ. ಅವಳು ಟೇಪು ಸುತ್ತಿದಳು. ಅವನ ಹೊಟ್ಟೆ ತಾನಾಗಿಯೇ ಒಳಕ್ಕೆ ಹೋಯಿತು.

ಅವಳು ಟೇಪು ಸಡಿಲಿಸಿದಳು.

"ಉಸಿರು ಬಿಡೋ" ಎಂದಳು.