ಅಳಿಸಿದ ಕೈ

"ಆ ಕೈ ಎಲ್ಲಿ ಹೋಯ್ತು? ಬಾಯಿಬಿಡು, ತತ್ಸುವೊ!"

ಹಮಾ ಅಜ್ಜಿ ಶವಪೆಟ್ಟಿಗೆಯ ಮೇಲಿನ ಫೋಟೊ ಕಡೆ ಕೋಲು ಚಾಚಿ ಕಿರುಚಿದಳು. ಪುರೋಹಿತರ ಮಂತ್ರ ನಿಂತಿತು.

ಸತ್ತವನು ಇಸೊಗಾಯ್. ಕಾರ್ಖಾನೆಯ ವಿಷ ಕುಡಿದ ಈ ಕೊಲ್ಲಿಯ ಮೀನುಗಾರರ ಬಗ್ಗೆ ಜೀವಮಾನವಿಡೀ ಸಾಕ್ಷ್ಯಚಿತ್ರ ತೆಗೆದವನು. ಅಸಲು ಫೋಟೊದಲ್ಲಿ ಅವನ ಹೆಗಲ ಮೇಲೆ ಹಮಾಳ ಮಗಳು ಸಚಿಯೆಯ, ಅದೇ ವಿಷಕ್ಕೆ ಸೊಟ್ಟಗಾದ ಕೈ ಇತ್ತು. ಕಳೆದ ಚಳಿಗಾಲದಲ್ಲಿ ಅವಳು ತೀರಿಹೋದಳು. ಈಗ ಆ ಜಾಗದಲ್ಲಿ ಬರೀ ಕರಿ ಕೋಟು.

"ಸ್ಟುಡಿಯೊದವರು ಅಳಿಸಿದ್ರು ಅಜ್ಜಿ. ಸಾವಿನ ಫೋಟೊದಲ್ಲಿ ಕರಿ ಕೋಟು ಬರೆದು ಸೇರಿಸೋದು ಪದ್ಧತಿ," ಎಂದ ಸತ್ತವನ ತಮ್ಮ ತತ್ಸುವೊ.

"ಅವರಾಗೇ ಅಳಿಸಿದ್ರೋ, ನೀನು ಹೇಳಿ ಮಾಡಿಸಿದ್ಯೋ?"

"ಕಾರ್ಖಾನೆಯಿಂದ ದೊಡ್ಡವರು ಬರ್ತಿದಾರೆ. ಇವತ್ತೊಂದಿನ ಜಗಳ ಬೇಡ ಅಂತ..."

"ಓಹೋ! ಕೊಂದವರ ಕಣ್ಣಿಗೆ ನೋವಾಗಬಾರದು! ಅವರಿಗೆ ಪೀಪಾಯಿ ಮಾರ್ಕೊಂಡು ಬದುಕೋನು, ನಿನಗ್ಯಾಕೋ ಅಣ್ಣ?"

*

ಊರಿಗೆ ಬಂದ ಮೊದಲ ವರ್ಷ ಇಸೊಗಾಯ್ ಕ್ಯಾಮೆರಾವನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ. ಬಲೆ ಹೊಲಿದ, ಬೈಸಿಕೊಂಡ. ಹೊರಗಿನವರನ್ನು ಕಂಡರೆ ಚೀರುತ್ತಿದ್ದ ಸಚಿಯೆ ಒಂದು ದಿನ ತಾನಾಗಿ ಅವನ ಹೆಗಲು ಹಿಡಿದಳು. ಅವಳು ಉಣ್ಣುವುದನ್ನು ಕ್ಯಾಮೆರಾದಲ್ಲಿ ಹಿಡಿದದ್ದು ಆಮೇಲೆಯೇ.

"ಒಂದು ತುತ್ತು ಬಾಯಿ ಸೇರೋಕೆ ಇಷ್ಟು ಹೊತ್ತೇ? ಕತ್ತರಿಸಿ, ನೋಡೋರಿಗೆ ಬೇಜಾರಾಗುತ್ತೆ," ಎಂದರು ಟಿ.ವಿ.ಯವರು.

"ಅವಳಿಗೆ ದಿನಾ ಇಷ್ಟೇ ಹೊತ್ತು ಹಿಡಿಯುತ್ತೆ. ನಿಮಗೆ ಒಂದ್ಸಲ ನೋಡೋಕಾಗಲ್ವಾ?" ಎಂದು ಬೈದು, ರೀಲು ಎತ್ತಿಕೊಂಡು ಬಂದ.

ಟಿ.ವಿ.ಯಲ್ಲಿ ಅದು ಬರಲಿಲ್ಲ. ಬಲೆ ಇಡುವ ಕೊಟ್ಟಿಗೆಗಳಲ್ಲಿ ಬಿಳಿ ಬಟ್ಟೆ ಕಟ್ಟಿ ತೋರಿಸಿದ. ಅವನ ಎಲ್ಲ ಚಿತ್ರಗಳ ರೀಲು ಕತ್ತರಿಸಿ ಜೋಡಿಸುವ ಕೆಲಸ ಹೆಂಡತಿ ಕಿನುವೆಯದು.

*

"ಅತ್ತಿಗೆ, ನೀವಾದರೂ ಈ ಮುದುಕಿಗೆ ಹೇಳಿ."

ಅಷ್ಟು ಹೊತ್ತು ತಲೆ ಬಗ್ಗಿಸಿ ಕೂತಿದ್ದ ಕಿನುವೆ ಎದ್ದಳು. ಫೋಟೊ ಇಳಿಸಿ ಮೈದುನನ ಎದೆಗೆ ಒತ್ತಿದಳು.

"ಹಿಡಿ. ಈ ಫೋಟೊದಲ್ಲಿರೋರು ಯಾರೋ ನನಗೆ ಗೊತ್ತಿಲ್ಲ. ನಿನ್ನ ದೊಡ್ಡವರೇ ಬಂದು ಅತ್ಕೊಳ್ಳಲಿ."

"ಅತ್ತಿಗೆ! ಸುಟ್ಟ ಮೇಲೆ ಮೂಳೆ ಆಯೋಕೆ ನೀವಿರಬೇಕು!"

"ಇಷ್ಟು ವರ್ಷ ಕತ್ತರಿ ನನ್ನ ಕೈಲೇ ಇತ್ತು ಕಣೋ. ಆ ಮಗು ಕೈಗೆ ನಾನು ತಾಗಿಸಲಿಲ್ಲ."

ಹಮಾಳ ರಟ್ಟೆ ಹಿಡಿದು ಹೊರಟೇಹೋದಳು. ಚಪ್ಪಲಿ ಮೆಟ್ಟುವಾಗಲೂ ತಿರುಗಿ ನೋಡಲಿಲ್ಲ.

ಸಂಜೆ ಸುಡುಗಾಡಿನ ಒಲೆಯಿಂದ ಮೂಳೆಗಳಿದ್ದ ಬಿಸಿ ತಗಡು ಹೊರಗೆ ಬಂತು. ಮೊದಲ ಮೂಳೆಯನ್ನು ಇಬ್ಬರು ಎದುರುಬದುರು ನಿಂತು, ಕಡ್ಡಿಗಳಿಂದ ಒಟ್ಟಿಗೇ ಎತ್ತಬೇಕು. ತತ್ಸುವೊ ತನ್ನ ಕಡ್ಡಿ ಚಾಚಿ ನಿಂತ. ಎದುರಿನವರು ಹಿಡಿಯಬೇಕಾದ ಕಡ್ಡಿಗಳ ಜೋಡಿ ಹಾಗೇ ಬಿದ್ದಿತ್ತು. ಮೀನುಗಾರರು ಗೋಡೆಗೆ ಒರಗಿ ಅವನನ್ನೇ ನೋಡುತ್ತಿದ್ದರು. ಒಬ್ಬರೂ ಕೈ ಚಾಚಲಿಲ್ಲ.